‘ಸಾಕು’ ಎನ್ನುವ ಕೈ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಸಂಪಾದಕತ್ವ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಕನ್ನಡ ಅಧ್ಯಾಪಕನಾದವನಿಗೆ ಇದು ತಪ್ಪಿದ್ದಲ್ಲ. ವರ್ಷವರ್ಷವೂ ಬರುವ ಲೇಖನಗಳ ಸ್ವರೂಪವನ್ನು ನಾನು ಲಕೋಟೆ ಒಡೆಯುವ ಮೊದಲೇ ಊಹಿಸಬಲ್ಲೆ: ತಾಯಿಯನ್ನು ಕುರಿತ ನಾಲ್ಕು ಕವಿತೆಗಳು, ಪರಿಸರ ರಕ್ಷಣೆಯ ಮೇಲೆ ಎರಡು ಪ್ರಬಂಧಗಳು, ಹಂಪೆಯ ಪ್ರವಾಸ ಒಂದು. ಈ ಸಲ ಮಾತ್ರ ನನ್ನ ಊಹೆ ತಪ್ಪಿತು. ಬಿ. ಎ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ‘ಪಂದ್ಯಗಳ ವಿಮರ್ಶೆ’ ಎಂಬ ತಲೆಬರಹದ ಕೆಳಗೆ, ತಾನು ಹೋಗಿಬಂದ ಮಿಶ್ರ ಸಮರಕಲೆಯ ಪಂದ್ಯಾವಳಿಯೊಂದರ ಕಾಳಗಗಳನ್ನು ಒಂದೊಂದಾಗಿ ಬರೆದು ತಂದಿದ್ದ. ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲಕ್ಕೂ ಅವಕಾಶವಿರುವ ಈ ಆಟವನ್ನು ನಮ್ಮ ಹುಡುಗರು ಎಂಎಂಎ ಎಂದು ಕರೆಯುತ್ತಾರೆ. ಸುತ್ತಮುತ್ತಲ ನಾಲ್ಕು ಜಿಲ್ಲೆಗಳ ತರುಣರು ಸೇರಿ ನಡೆಸಿದ ಸಣ್ಣ ಪಂದ್ಯಾವಳಿ ಅದು. ಹೆಸರು ಹೇಳುವಷ್ಟು ದೊಡ್ಡದಲ್ಲ.

ಲೇಖನವನ್ನು ಓದಿದೆ. “ಇಂಥವನು ಇಂಥವನನ್ನು ಎರಡನೆಯ ಸುತ್ತಿನಲ್ಲಿ ಮುಗಿಸಿದನು. ಇಂಥವನು ಇಂಥವನನ್ನು ಒಂದೇ ಗುದ್ದಿಗೆ ಮಲಗಿಸಿದನು.” ಏಳು ಕಾಳಗಗಳಿಗೆ ಏಳು ಇಂಥ ವಾಕ್ಯಗಳು, ಅವುಗಳ ಮಧ್ಯೆ ಒಂದಿಷ್ಟು ಉದ್ಗಾರ ಚಿಹ್ನೆಗಳು. ಲೇಖನಕ್ಕೆ ಲಗತ್ತಿಸಿದ್ದ ಕರಪತ್ರದಲ್ಲಿ ಎಂಟು ಜೋಡಿಗಳ ಹೆಸರಿದ್ದುವು. ಹುಡುಗನನ್ನು ಕರೆಸಿದೆ.

“ಇದು ವಿಮರ್ಶೆಯಲ್ಲ ಕಣಯ್ಯ, ಫಲಿತಾಂಶದ ಪಟ್ಟಿ. ಅದೂ ಪೂರ್ತಿಯಿಲ್ಲ. ಎಂಟನೆಯ ಜೋಡಿ ಎಲ್ಲಿ?” ಎಂದೆ.

ಅವನು ತಲೆ ತಗ್ಗಿಸಿದ. “ಅದು ನಂದು ಸಾರ್.”

“ನೀನೂ ಆಡಿದ್ದೆಯೋ?”

“ಹೂಂ ಸಾರ್. ಮೊದಲನೇ ಸುತ್ತಲ್ಲೇ ತಟ್ಟಿಬಿಟ್ಟೆ. ಮೊಣಕೈಗೆ ಪಟ್ಟು ಬಿದ್ದಿತ್ತು. ಹಾಸ್ಟೆಲಿನಲ್ಲಿ ಈಗ ನನ್ನ ಹೆಸರೇ ‘ತಟ್ಟಪ್ಪ’ ಆಗಿಹೋಗಿದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂದಿನ ಸಲ ತಟ್ಟೋದಿಲ್ಲ ಸಾರ್. ಮುರಿದರೆ ಮುರೀಲಿ” ಎಂದ.

ಈ ಕಡೆಯ ಮಾತು ನನ್ನನ್ನು ಕಲಕಿತು. ಈ ಆಟದಲ್ಲಿ ಸಿಕ್ಕಿಬಿದ್ದವನು ಅಂಗೈಯಿಂದ ಎದುರಾಳಿಯ ಮೈಯನ್ನೋ ನೆಲವನ್ನೋ ಎರಡು ಮೂರು ಬಾರಿ ತಟ್ಟಿದರೆ ‘ಸೋತೆ, ಬಿಡು’ ಎಂದರ್ಥ. ಹಾಗೆ ತಟ್ಟಿದ್ದರಿಂದ ಒಂದು ಮೊಣಕೈ ಉಳಿದಿತ್ತು. ಉಳಿದ ಆ ಮೊಣಕೈಯನ್ನು ಮುಂದಿನ ಸಲ ಮುರಿಸಿಕೊಳ್ಳಲು ಇಪ್ಪತ್ತರ ಹುಡುಗನೊಬ್ಬ ನಿಶ್ಚಯಿಸಿದ್ದಾನೆ. ಏಕೆ? ಯಾವುದೋ ಪಟ್ಟಿನ ಬಲದಿಂದಲ್ಲ, ಕೆಲವು ಮಾತುಗಳ ಬಲದಿಂದ. ‘ಮುಗಿಸಿದನು’, ‘ಮಲಗಿಸಿದನು’, ‘ತಟ್ಟಪ್ಪ’—ಇವು ಮಾತುಗಳು. ಮಾತುಗಳು ಕನ್ನಡ ಅಧ್ಯಾಪಕನ ಕಕ್ಷೆಗೆ ಸೇರಿದವು. ಗರಡಿಯ ಮಣ್ಣನ್ನು ಎಂದೂ ಮೈಗೆ ಹಚ್ಚಿಕೊಳ್ಳದ ನಾನು ಕಾಳಗದ ವಿಮರ್ಶೆಯನ್ನು ಕುರಿತು ಬರೆಯಲು ಹೊರಟಿರುವುದಕ್ಕೆ ಇದೊಂದೇ ಸಮರ್ಥನೆ. ಬಲ್ಲವರು ಕ್ಷಮಿಸಬೇಕು.

ಇಬ್ಬರೂ ನೋಡಬಹುದಾದ, ಎಲ್ಲರೂ ಬಲ್ಲ ಒಂದು ಪಂದ್ಯಾವಳಿಯನ್ನು ತೆಗೆದುಕೊಂಡು ಚರ್ಚಿಸೋಣವೆಂದೆ. ಹುಡುಗ ತನ್ನ ಮೊಬೈಲಿನಲ್ಲಿ ತೋರಿಸಿದ್ದು ಈ ಆಟದ ಇತಿಹಾಸದಲ್ಲಿ ಆದಿಪರ್ವವೆನ್ನಬಹುದಾದ ಒಂದು ರಾತ್ರಿಯನ್ನು. 1993ರ ನವೆಂಬರ್ 12ರಂದು ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ, ಎಂಟು ಮೂಲೆಯ ತಂತಿಬಲೆಯ ಪಂಜರದೊಳಗೆ, ಎಂಟು ವಿದ್ಯೆಗಳನ್ನು ಪ್ರತಿನಿಧಿಸುವ ಎಂಟು ಮಂದಿಯನ್ನು ಜೋಡಿ ಕಟ್ಟಿ ಬಿಟ್ಟಿದ್ದರು. ಯಾವ ವಿದ್ಯೆ ಮೇಲೆಂದು ಒಂದೇ ರಾತ್ರಿಯಲ್ಲಿ ತೀರ್ಮಾನವಾಗಬೇಕು. ಕಡೆಗೆ ಉಳಿದವನಿಗೆ 50,000 ಡಾಲರು. ತೂಕದ ವರ್ಗಗಳಿಲ್ಲ, ಅಂಕ ಕೊಡುವ ತೀರ್ಪುಗಾರರಿಲ್ಲ. ಸುಮೊ ಮಲ್ಲ ಟೈಲಾ ಟುಲಿಯ ತೂಕ 180 ಕಿಲೋಗ್ರಾಂ ಮೀರಿದ್ದಿತು. ಬ್ರೆಜಿಲಿನ ರಾಯ್ಸ್ ಗ್ರೇಸಿಯದು 80ರ ಆಸುಪಾಸು. ಇಂದು ಯುಎಫ್‌ಸಿ ಎಂಬ ಹೆಸರಿನಿಂದ ಜಗತ್ತಿನಲ್ಲೆಲ್ಲ ಪ್ರಸಿದ್ಧವಾಗಿರುವ ಸಂಸ್ಥೆಯ ಮೊದಲನೆಯ ಪಂದ್ಯಾವಳಿ ಇದು.

ಮೊದಲ ಸಲ ನೋಡಿದಾಗ, ಸತ್ಯವಾಗಿ ಹೇಳಬೇಕೆಂದರೆ, ನನಗೆ ಅಸಹ್ಯವಾಯಿತು. ಎರಡನೆಯ ಸಲ ಕಾಗದ ಪೆನ್ಸಿಲು ಹಿಡಿದು ಕುಳಿತೆ. ಬದಲಿ ಆಟಗಾರರಿಬ್ಬರ ಕಾಳಗವನ್ನೂ ಸೇರಿಸಿ ಒಟ್ಟು ಎಂಟು ಕಾಳಗಗಳು. ಅತ್ಯಂತ ದೀರ್ಘವಾದದ್ದು 4 ನಿಮಿಷ 20 ಸೆಕೆಂಡು. ಅತ್ಯಂತ ಅಲ್ಪವಾದದ್ದು 26 ಸೆಕೆಂಡು. ಎಂಟನ್ನೂ ಕೂಡಿಸಿದರೆ 13 ನಿಮಿಷ 25 ಸೆಕೆಂಡು. ನಾನು ತರಗತಿಯಲ್ಲಿ ಹಾಜರಿ ತೆಗೆದುಕೊಂಡು ಕಪ್ಪುಹಲಗೆ ಒರೆಸುವ ಹೊತ್ತಿಗೆ ಇಡೀ ಮಹಾಭಾರತ ಮುಗಿದುಹೋಗಿರುತ್ತದೆ! ಅದಾದಮೇಲೆ, ಒಂದೊಂದು ಕಾಳಗವೂ ಹೇಗೆ ನಿಂತಿತೆಂಬುದನ್ನು ಬರೆದುಕೊಂಡೆ. ಆಗ ಕಂಡ ಸಂಗತಿ ನನ್ನ ಅಭಿಪ್ರಾಯವನ್ನು ಬದಲಾಯಿಸಿತು. ಎಂಟರಲ್ಲಿ ಐದು ಕಾಳಗಗಳನ್ನು ನಿಲ್ಲಿಸಿದವನು ಸೋತವನೇ. ತಾನೇ ತಟ್ಟಿ ‘ಸಾಕು’ ಎಂದ. ಎರಡನ್ನು ನಿಲ್ಲಿಸಿದವರು ಸೋತವನ ಕಡೆಯವರು. ಅವರು ಪಂಜರದೊಳಕ್ಕೆ ಟವಲು ಎಸೆದರು. ಉಳಿದ ಒಂದನ್ನು ನಿಲ್ಲಿಸಿದವನು ರೆಫರಿ. ಒಂದೇ ಒಂದು ಕಾಳಗವೂ ಗೆದ್ದವನ ಇಚ್ಛೆಯಿಂದ ನಿಲ್ಲಲಿಲ್ಲ.

ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಈ ಆಟವನ್ನು ಮನುಷ್ಯರ ಕೋಳಿ ಅಂಕವೆಂದು ಜರೆದು, 1996ರಲ್ಲಿ ಇದನ್ನು ನಿಷೇಧಿಸಬೇಕೆಂದು ರಾಜ್ಯಗಳ ಗವರ್ನರುಗಳಿಗೆಲ್ಲ ಪತ್ರ ಬರೆದರು. ಆ ಕಾಲದ ಪಂದ್ಯಗಳನ್ನು ನೋಡಿದವರಿಗೆ ಆ ಮಾತು ತೀರ ಅನ್ಯಾಯವೆನಿಸದು. ಆದರೆ ನಮ್ಮ ಕರಾವಳಿಯ ಕೋಳಿ ಅಂಕವನ್ನು ಒಮ್ಮೆಯಾದರೂ ಕಂಡವನು ಒಂದು ಭೇದವನ್ನು ಗುರುತಿಸಬಲ್ಲ. ಕಾಲಿಗೆ ಬಾಳು ಕಟ್ಟಿಸಿಕೊಂಡ ಕೋಳಿಗೆ ಬಾಯಿಯಿಲ್ಲ. ಅದು ಓಡಿಹೋಗಬಹುದು, ಸಾಯಬಹುದು, ‘ಸಾಕು’ ಎನ್ನಲಾರದು. ಮನುಷ್ಯ ಅನ್ನಬಲ್ಲ. ಆ ಒಂದು ಮಾತನ್ನು ಅನ್ನುವ ಹಕ್ಕು, ಅಂದಾಗ ಎದುರಾಳಿ ಬಿಡಲೇಬೇಕೆಂಬ ಕಟ್ಟು—ಇವೆರಡು ಇರುವವರೆಗೆ ಅದು ಆಟ; ಇವು ಹೋದ ಕ್ಷಣದಲ್ಲಿ ಅದು ಕೋಳಿ ಅಂಕ. ತಟ್ಟಿದವನನ್ನು ಹೀಯಾಳಿಸುವ ಪ್ರೇಕ್ಷಕನೂ, ‘ಮುಗಿಸಿದನು’ ಎಂದು ಹಿಗ್ಗುವ ವರದಿಗಾರನೂ ತಮಗೆ ಅರಿವಿಲ್ಲದೆಯೇ ಆಟವನ್ನು ಅಂಕದ ಕಡೆಗೆ ನೂಕುತ್ತಾರೆ. ನನ್ನ ವಾದದ ತಿರುಳು ಇಷ್ಟೆ. ಡೆನ್ವರಿನ ಆ ಕಾಳಗಗಳನ್ನು ಈಗ ಈ ಬೆಳಕಿನಲ್ಲಿ ನೋಡಬಹುದು.

ಮೊದಲನೆಯ ಜೋಡಿ ಟುಲಿಗೂ ಹಾಲೆಂಡಿನ ಜೆರಾರ್ಡ್ ಗೋರ್ಡೋಗೂ. ಗೋರ್ಡೋ ಸವಾತ್ ಎಂಬ ಫ್ರೆಂಚ್ ಒದೆಗಾಳಗದಲ್ಲಿ ಪಳಗಿದವನು. ಟುಲಿ ಗೂಳಿಯಂತೆ ನುಗ್ಗಿದ. ಗೋರ್ಡೋ ಹಿಂದೆ ಸರಿದು ಪಕ್ಕಕ್ಕೆ ಜಾರಿದ. ನುಗ್ಗಿದವನು ಬೇಲಿಯ ಬುಡದಲ್ಲಿ ಕುಸಿದ. ಕುಸಿದು ಕುಳಿತವನ ಮುಖಕ್ಕೆ ಒದೆ ಬಿತ್ತು, ಹಲ್ಲೊಂದು ಹಾರಿತು, ಮೇಲೊಂದು ಗುದ್ದೂ ಬಿತ್ತು. 26 ಸೆಕೆಂಡು. ರೆಫರಿ ನಡುವೆ ಬಂದು ತಡೆದ. ಆ ರಾತ್ರಿಯ ಕಟ್ಟಳೆಯಂತೆ ಅದು ರೆಫರಿಯ ಕೆಲಸವಾಗಿರಲಿಲ್ಲ. ಒಬ್ಬ ಮೂರ್ಛೆ ಹೋಗಬೇಕು, ಇಲ್ಲವೆ ತಟ್ಟಬೇಕು, ಇಲ್ಲವೆ ಅವನ ಕಡೆಯವರು ಟವಲು ಎಸೆಯಬೇಕು. ಆದರೂ ಆತ ತಡೆದ. ಈ ಕಾಳಗವನ್ನು ಬರೆದವರೆಲ್ಲ ಹಾರಿದ ಹಲ್ಲನ್ನು ಬರೆಯುತ್ತಾರೆ. ಅದರ ಚೂರು ಗೋರ್ಡೋನ ಪಾದದಲ್ಲಿ ನಾಟಿಕೊಂಡಿದ್ದನ್ನು ಬರೆಯುತ್ತಾರೆ. ತನಗಿಲ್ಲದ ಅಧಿಕಾರವನ್ನು ಆ ಗಳಿಗೆಯಲ್ಲಿ ಕೈಗೆ ತೆಗೆದುಕೊಂಡ ರೆಫರಿಯನ್ನು ಎಷ್ಟು ಮಂದಿ ಬರೆದಿದ್ದಾರೆ? ಮುಂದೆ ಈ ಆಟದ ಕಟ್ಟಳೆಗಳು ತಿದ್ದುಪಡಿಯಾದಾಗ, ಕಾಳಗವನ್ನು ನಿಲ್ಲಿಸುವ ಅಧಿಕಾರ ರೆಫರಿಗೆ ವಿಧ್ಯುಕ್ತವಾಗಿ ದೊರೆಯಿತು. ನಿಯಮವಾಗಿ ಬಂದದ್ದು ಮೊದಲು ಒಬ್ಬನ ಅಂತಃಕರಣವಾಗಿ ಬಂದಿತ್ತು. ವಿಮರ್ಶಕನು ಕಾಣಬೇಕಾದದ್ದು ಇದನ್ನು.

ಟವಲಿನಿಂದ ನಿಂತ ಕಾಳಗಗಳೆರಡರಲ್ಲಿಯೂ ಇರುವವನು ಕೆವಿನ್ ರೋಸಿಯರ್. ಮೊದಲನೆಯದರಲ್ಲಿ ಅವನ ಎದುರಾಳಿ ಜೇನ್ ಫ್ರೇಜಿಯರ್. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರು ಎತ್ತರದ ಊರು, ಗಾಳಿ ತೆಳು. ಫ್ರೇಜಿಯರ್ ಮೊದಮೊದಲು ಚೆನ್ನಾಗಿಯೇ ಹೊಡೆದ. ಆಮೇಲೆ ಉಸಿರು ಸಾಲದೆ ಕೈ ಸೋತ. ರೋಸಿಯರ್ ಅವನನ್ನು ಬೇಲಿಗೊತ್ತಿ ಗುದ್ದಿ ಕೆಡಹಿದಾಗ ಫ್ರೇಜಿಯರನ ಕಡೆಯವರು ಟವಲು ಎಸೆದರು. ಅದೇ ರಾತ್ರಿ ಉಪಾಂತ್ಯದಲ್ಲಿ ಗೋರ್ಡೋನ ಕೈಯಲ್ಲಿ ರೋಸಿಯರನಿಗೆ ಅದೇ ಗತಿ ಬಂತು. 59 ಸೆಕೆಂಡಿಗೆ ಅವನ ಕಡೆಯವರೂ ಟವಲು ಎಸೆದರು. ಹೊಡೆತ ತಿನ್ನುತ್ತಿರುವವನಿಗೆ ತನ್ನ ಸ್ಥಿತಿ ತನಗೆ ತಿಳಿಯದ ಒಂದು ಹಂತವಿದೆ. ಆಗ ಅವನ ಪರವಾಗಿ ಸೋಲನ್ನು ಒಪ್ಪಿಕೊಳ್ಳುವ ಭಾರ ಹೊರಗೆ ನಿಂತ ಗೆಳೆಯನದು. ತಿಂಗಳುಗಟ್ಟಲೆ ಜೊತೆಯಲ್ಲಿ ಬೆವರು ಸುರಿಸಿದವನ ಆಸೆಯನ್ನು ತನ್ನ ಕೈಯಾರೆ ಕೊನೆಗಾಣಿಸಿ, ಅನಂತರ ಅವನ ಮುಖವನ್ನು ನೋಡಬೇಕಾದ ಆ ಗೆಳೆಯನ ಪಾಡು ಸಾಮಾನ್ಯವಾದುದಲ್ಲ. ನಮ್ಮ ಗರಡಿಮನೆಗಳಲ್ಲಿ ಉಸ್ತಾದರಿಗೆ ಇದ್ದ ಗೌರವದ ಒಂದು ಪಾಲು ಇಂಥ ವಿವೇಕಕ್ಕೆ ಸಂದದ್ದೆಂದು ನಾನು ತಿಳಿದಿದ್ದೇನೆ: ಯಾವ ಪಟ್ಟು ಹಾಕಬೇಕೆಂಬುದನ್ನಲ್ಲದೆ, ಯಾವಾಗ ಎಬ್ಬಿಸಿಕೊಂಡು ಬರಬೇಕೆಂಬುದನ್ನೂ ಬಲ್ಲವನು ಉಸ್ತಾದ.

ಇನ್ನು ತಾವೇ ತಟ್ಟಿದ ಐವರು. ಇವರಲ್ಲಿ ಅತ್ಯಂತ ಹೆಚ್ಚು ನಗೆಪಾಟಲಿಗೆ ಗುರಿಯಾದವನು ಆರ್ಟ್ ಜಿಮ್ಮರ್ಸನ್. ಸೇಂಟ್ ಲೂಯಿಸ್ ನಗರದ ಈ ಮುಷ್ಟಿಮಲ್ಲ ಒಂದೇ ಕೈಗೆ ಗ್ಲೌಸು ಹಾಕಿಕೊಂಡು ಬಂದ. ರಾಯ್ಸ್ ಗ್ರೇಸಿ ಅವನನ್ನು ಕೆಳಕ್ಕೆಳೆದು ಎದೆಯ ಮೇಲೇರಿ ಕುಳಿತ. ಹೇಳಿಕೊಳ್ಳುವಂಥ ಗುದ್ದು ಬೀಳಲಿಲ್ಲ. ಯಾವ ಕೀಲಿಗೂ ಪಟ್ಟು ಬಿಗಿಯಲಿಲ್ಲ. 2 ನಿಮಿಷ 18 ಸೆಕೆಂಡಿಗೆ ಜಿಮ್ಮರ್ಸನ್ ನೆಲ ತಟ್ಟಿದ. ಆ ಒಂಟಿ ಗ್ಲೌಸು ಅವನ ಹೆಸರಿಗೇ ಅಂಟಿಕೊಂಡು, ಇಷ್ಟು ವರ್ಷಗಳ ಮೇಲೂ ಜನ ಅದನ್ನು ನೆನೆದು ನಗುತ್ತಾರೆ. ನನ್ನ ವಿದ್ಯಾರ್ಥಿಯೂ ನಕ್ಕ. ನಾನು ಕೇಳಿದೆ: “ನೀನು ಅವನ ಕೆಳಗೆ ಬಿದ್ದಿದ್ದೀಯೆ ಅಂದುಕೋ. ನಿನ್ನ ವಿದ್ಯೆ ನಿಂತು ಗುದ್ದುವುದು. ಈಗ ನಿಲ್ಲಲಾರೆ, ಗುದ್ದಲಾರೆ. ಮುಂದೇನಾಗುತ್ತದೆಂಬುದೂ ನಿನಗೆ ತಿಳಿಯದು. ಆ ವಿದ್ಯೆಯನ್ನು ನೀನು ಕಂಡೇ ಇಲ್ಲ. ಏನು ಮಾಡುತ್ತೀಯೆ?” ಹುಡುಗ ಯೋಚಿಸಿ, “ತಟ್ಟುತ್ತೀನಿ ಸಾರ್” ಎಂದ. ಈಜು ಬಾರದವನು ನೀರು ಮೂಗಿಗೆ ಬರುವ ಮುಂಚೆಯೇ ಕೂಗಿಕೊಂಡರೆ ಅವನನ್ನು ನಾವು ಹೇಡಿಯೆನ್ನುವುದಿಲ್ಲ. ಜಿಮ್ಮರ್ಸನ್ ತಾನು ತಿಳಿಯದ ನೀರಿಗೆ ಇಳಿದಿದ್ದೇನೆಂದು ತಿಳಿದ, ತಿಳಿದು ಹೊರಬಂದ. ವಿಮರ್ಶಕನು ಅವನ ಸಿದ್ಧತೆಯ ಕೊರತೆಯನ್ನು ಹೇಳಲಿ, ಹೇಳಲೇಬೇಕು. ಆದರೆ ತನ್ನ ಅಜ್ಞಾನವನ್ನು ಎರಡು ನಿಮಿಷದಲ್ಲಿ ಗುರುತಿಸಿಕೊಂಡವನನ್ನು ನೋಡಿ ನಗುವ ಹಕ್ಕು, ಅದನ್ನು ಗುರುತಿಸಿಕೊಳ್ಳಲು ಅರ್ಧ ಆಯುಷ್ಯ ತೆಗೆದುಕೊಳ್ಳುವ ನಮ್ಮಂಥವರಿಗೆ ಇದೆಯೆ?

ಪ್ಯಾಟ್ರಿಕ್ ಸ್ಮಿತ್ ತಟ್ಟಿದ್ದು ಕೆನ್ ಶಾಮ್ರಾಕ್ ಅವನ ಹಿಮ್ಮಡಿಯನ್ನು ತಿರುಚಿ ಹಿಡಿದಾಗ, 1 ನಿಮಿಷ 49 ಸೆಕೆಂಡಿಗೆ. ನನ್ನ ಕಣ್ಣಿಗೆ ಅಲ್ಲಿ ಏನೂ ಕಾಣಲಿಲ್ಲ. ಇಬ್ಬರು ಮಲಗಿ ಒಬ್ಬರ ಕಾಲನ್ನೊಬ್ಬರು ಹಿಡಿದಿದ್ದಾರೆ, ಇದ್ದಕ್ಕಿದ್ದಂತೆ ಒಬ್ಬನು ಸೋತೆನೆನ್ನುತ್ತಾನೆ! ಹಿಮ್ಮಡಿ ತಿರುಗಿದರೆ ಹರಿಯುವುದು ಮೊಣಕಾಲಿನ ನರಕಟ್ಟುಗಳೆಂದೂ, ನೋವು ತಿಳಿಯುವ ಹೊತ್ತಿಗೆ ಅವು ಹರಿದೇ ಹೋಗಿರಬಹುದೆಂದೂ ವಿದ್ಯಾರ್ಥಿ ವಿವರಿಸಿದ. ಗಲ್ಲಕ್ಕೆ ಬಿದ್ದ ಗುದ್ದನ್ನು ಯಾರು ಬೇಕಾದರೂ ಕಾಣಬಲ್ಲರು. ಕೀಲಿನೊಳಗೆ ನಡೆಯುವುದನ್ನು ಕಾಣಿಸಲು ಬಲ್ಲವನು ಬೇಕು. ಹಳಗನ್ನಡ ಪದ್ಯವನ್ನು ಬಿಡಿಸಿ ಹೇಳುವ ಅಧ್ಯಾಪಕನೂ ಮಾಡುವುದು ಇದೇ ಕೆಲಸ. ಬಲ್ಲವನು ಬಿಡಿಸಿ ಹೇಳದಿದ್ದರೆ ಪದ್ಯ ಒಣ ಶಬ್ದವಾಗಿಯೂ, ತಟ್ಟಿದವನು ಹೇಡಿಯಾಗಿಯೂ ಕಾಣುವುದು ಸಹಜ. ಬದಲಿ ಆಟಗಾರರ ಕಾಳಗದಲ್ಲಿ ಟ್ರೆಂಟ್ ಜೆಂಕಿನ್ಸ್ 52 ಸೆಕೆಂಡಿಗೆ ಜೇಸನ್ ಡಿಲೂಸಿಯಾನ ತೋಳಿನ ಕೊರಳುಪಟ್ಟಿಗೆ ಸೋತದ್ದಕ್ಕೂ ಇದೇ ಮಾತು ಸಲ್ಲುತ್ತದೆ.

ಆದರೆ ಆ ರಾತ್ರಿಯ ಅತ್ಯುತ್ತಮ ಕಾಳಗ ಯಾವುದೆಂದು ಕೇಳಿದರೆ, ಎರಡನೆಯ ಉಪಾಂತ್ಯವೆಂದು ನಾನು ಹೇಳುತ್ತೇನೆ: ರಾಯ್ಸ್ ಗ್ರೇಸಿಗೂ ಕೆನ್ ಶಾಮ್ರಾಕನಿಗೂ ನಡೆದ 57 ಸೆಕೆಂಡುಗಳ ಸೆಣಸು. ಶಾಮ್ರಾಕ್ ಬಲಿಷ್ಠ, ಪಟ್ಟುಗಳನ್ನು ಬಲ್ಲವನು. ಗ್ರೇಸಿ ತನ್ನ ಅಂಗಿಯ ತೋಳನ್ನೇ ಉರುಳಾಗಿ ಮಾಡಿ ಅವನ ಕೊರಳನ್ನು ಬಿಗಿದ. ಶಾಮ್ರಾಕ್ ತಟ್ಟಿದ, ಗ್ರೇಸಿ ಬಿಟ್ಟ. ಆದರೆ ತಟ್ಟಿದ್ದು ರೆಫರಿಯ ಕಣ್ಣಿಗೆ ಬೀಳಲಿಲ್ಲ. ಆತ ಕಾಳಗ ಮುಂದುವರಿಸಿರೆಂದ. ಈಗ ನೋಡಿ: ಪಟ್ಟು ಬಿಟ್ಟಿದೆ, ಉಸಿರು ಬಂದಿದೆ, ಅಧಿಕಾರದಲ್ಲಿರುವವನು ‘ನೀನು ಸೋತಿಲ್ಲ’ ಎನ್ನುತ್ತಿದ್ದಾನೆ, ಮುಂದೆ 50,000 ಡಾಲರು ಇದೆ. ತಟ್ಟಿಯೇ ಇಲ್ಲವೆಂದು ಒಂದು ಮಾತು ಸಾಕಿತ್ತು; ಮಾತೂ ಬೇಡ, ಮೌನವೇ ಸಾಕಿತ್ತು. ಶಾಮ್ರಾಕ್ ತಾನು ತಟ್ಟಿದ್ದುಂಟೆಂದು ಒಪ್ಪಿಕೊಂಡ, ಕಾಳಗ ಮುಗಿಯಿತು. ಎರಡು ಬಾರಿ ಸೋಲೊಪ್ಪಿದವನು ಅವನು: ಒಮ್ಮೆ ಕೊರಳು ಬಿಗಿದಾಗ, ಇನ್ನೊಮ್ಮೆ ಕೊರಳು ಸಡಿಲವಾಗಿದ್ದಾಗ. ಮೊದಲನೆಯದನ್ನು ಗ್ರೇಸಿಯ ವಿದ್ಯೆ ಮಾಡಿಸಿತು. ಎರಡನೆಯದನ್ನು ಯಾರೂ ಮಾಡಿಸಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ನಮ್ಮಲ್ಲಿದೆ. ಬಿದ್ದೂ ಬಿದ್ದಿಲ್ಲವೆನ್ನುವವರನ್ನು ಕುರಿತ ಹಾಸ್ಯ ಅದು. ತನ್ನ ಮೀಸೆ ಮಣ್ಣಾದುದನ್ನು, ಯಾರೂ ಕಾಣದಿದ್ದಾಗಲೂ, ತಾನೇ ತೋರಿಸಿದ ಜಟ್ಟಿಯನ್ನು ಕುರಿತು ಗಾದೆ ಇಲ್ಲದಿರುವುದು ನಮ್ಮ ಕೊರತೆ. ಫಲಿತಾಂಶದ ಪಟ್ಟಿಯಲ್ಲಿ ಇದೆಲ್ಲ “ಗ್ರೇಸಿಗೆ ಜಯ, 57 ಸೆಕೆಂಡು” ಎಂದಷ್ಟೇ ಉಳಿಯುತ್ತದೆ.

ಅಂತಿಮ ಕಾಳಗದಲ್ಲಿ ಗ್ರೇಸಿ 1 ನಿಮಿಷ 44 ಸೆಕೆಂಡಿಗೆ ಗೋರ್ಡೋನನ್ನು ಹಿಂದಿನಿಂದ ಕೊರಳು ಬಿಗಿದು ಸೋಲಿಸಿದ. ಗೋರ್ಡೋ ತಟ್ಟಿದ ಮೇಲೂ ಗ್ರೇಸಿ ಕೂಡಲೇ ಬಿಡಲಿಲ್ಲ. ಗೋರ್ಡೋ ತನ್ನ ಕಿವಿಯನ್ನು ಕಚ್ಚಿದ್ದನೆಂದು ಗ್ರೇಸಿ ಅನಂತರ ಹೇಳಿದ. ಕಚ್ಚಬಾರದೆಂಬುದು ಆ ರಾತ್ರಿಯ ಬೆರಳೆಣಿಕೆಯ ನಿಷೇಧಗಳಲ್ಲೊಂದು, ಕೋಪಕ್ಕೆ ಕಾರಣವಿತ್ತು. ಆದರೂ ತಟ್ಟಿದ ಮೇಲಿನ ಆ ಕ್ಷಣ ಆಟದ್ದಲ್ಲ. ಎಂಬತ್ತು ಕಿಲೋಗ್ರಾಮಿನ ಒಬ್ಬ ಸಣಕಲ ಒಂದೇ ರಾತ್ರಿಯಲ್ಲಿ ಮೂವರನ್ನು, ಹೆಚ್ಚುಕಡಿಮೆ ಒಂದು ಗುದ್ದನ್ನೂ ತಿನ್ನದೆ, ಸೋಲಿಸಿದ್ದು ದೊಡ್ಡ ಸಂಗತಿ. ಜಪಾನಿನ ಮಿತ್ಸುಯೊ ಮಾಯೆದ 1914ರಲ್ಲಿ ಬ್ರೆಜಿಲಿಗೆ ಕೊಂಡೊಯ್ದ ಜೂಡೊ ವಿದ್ಯೆ ಗ್ರೇಸಿ ಮನೆತನದಲ್ಲಿ ಎರಡು ತಲೆಮಾರು ಮಾಗಿ ಅಂದು ಲೋಕಕ್ಕೆ ಕಾಣಿಸಿಕೊಂಡಿತು. ಅದನ್ನು ಮನಸಾರೆ ಹೊಗಳಬೇಕು. ಹೊಗಳಿದವನೇ ಆ ಕೆಲವು ಕ್ಷಣಗಳ ತಡವನ್ನೂ ಬರೆಯಬೇಕು. ಎರಡರಲ್ಲಿ ಒಂದನ್ನು ಬಿಟ್ಟರೂ ವಿಮರ್ಶೆ ಕುಂಟುತ್ತದೆ.

ಸೋತವನು ‘ಸಾಕು’ ಎನ್ನಬಹುದು, ಅವನ ಗೆಳೆಯರು ಎನ್ನಬಹುದು, ರೆಫರಿ ಎನ್ನಬಹುದು. ಗೆದ್ದವನು ಎನ್ನುವುದು ಅಪರೂಪ. ಡೆನ್ವರಿನ ಎಂಟು ಕಾಳಗಗಳಲ್ಲಿ ಅದು ನಡೆಯಲಿಲ್ಲ. ಕನ್ನಡ ವಿದ್ಯಾರ್ಥಿಗಳಿಗೆ ಅದರ ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಕ್ರಿ. ಶ. 941ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದಲ್ಲಿ ಮೂರೇ ಕಾಳಗಗಳ ಒಂದು ಪಂದ್ಯವಿದೆ: ಭರತ ಬಾಹುಬಲಿಗಳ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಎರಡು ಸೇನೆಗಳು ವೃಥಾ ಸಾಯಬಾರದೆಂದು ಅಣ್ಣತಮ್ಮಂದಿರಿಬ್ಬರೇ ಸೆಣಸಲಿ ಎಂದು ಮಂತ್ರಿಗಳು ಕಟ್ಟಿದ ಜೋಡಿ ಅದು. ಮೂರರಲ್ಲಿಯೂ ಬಾಹುಬಲಿಯೇ ಗೆಲ್ಲುತ್ತಾನೆ. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿದವನು ನೆಲಕ್ಕೆ ಅಪ್ಪಳಿಸದೆ ಇಳಿಸುತ್ತಾನೆ. ಎತ್ತಿದ ತೋಳು ತಾನಾಗಿಯೇ ‘ಸಾಕು’ ಎಂದ ಗಳಿಗೆ ಅದು. ಸೋತ ಚಕ್ರವರ್ತಿ ಅದನ್ನು ಸಹಿಸಲಾರದೆ ಚಕ್ರವನ್ನು ಪ್ರಯೋಗಿಸಿ ಮತ್ತೊಮ್ಮೆ ಸೋಲುತ್ತಾನೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಾವು ಸಾವಿರ ವರ್ಷದಿಂದ ತಲೆಯೆತ್ತಿ ನೋಡುತ್ತಿರುವುದು ಗೆದ್ದು ನಿಲ್ಲಿಸಿದ ಒಬ್ಬ ಮಲ್ಲನನ್ನು.

ಇದಕ್ಕೆ ತೀರ ವಿರುದ್ಧವಾದ ಚಿತ್ರ ರನ್ನನ ‘ಗದಾಯುದ್ಧ’ದಲ್ಲಿದೆ. ಅಲ್ಲಿ ದುರ್ಯೋಧನನು ‘ಸಾಕು’ ಎನ್ನುವುದಿಲ್ಲ. ಭೀಷ್ಮನೇ ಸಂಧಿಗೆ ಒಡಂಬಡೆಂದರೂ ಒಪ್ಪುವುದಿಲ್ಲ. ತೊಡೆ ಮುರಿದು ಬೀಳುತ್ತಾನೆ. ರನ್ನನ ಕಾವ್ಯಕ್ಕೆ ‘ಸಾಹಸಭೀಮವಿಜಯ’ವೆಂಬ ಇನ್ನೊಂದು ಹೆಸರೂ ಉಂಟು, ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಗೆಲ್ಲುವ ಭೀಮನೊಡನೆ ಸಮೀಕರಿಸಿ ಬರೆದ ಕವಿ ಅವನು. ಗೆದ್ದವನನ್ನು ಹೊಗಳುವುದು ಅವನಿಗೆ ವೃತ್ತಿಧರ್ಮವೂ ಅನ್ನದ ಋಣವೂ ಆಗಿತ್ತು. ಹಾಗಿದ್ದೂ ಅವನು ಸೋತವನಿಗೆ ಎಷ್ಟು ನ್ಯಾಯ ಸಲ್ಲಿಸಿದನೆಂದರೆ, ಆ ಕಾವ್ಯದ ನಾಯಕ ಭೀಮನೋ ದುರ್ಯೋಧನನೋ ಎಂಬ ಚರ್ಚೆ ನಮ್ಮ ವಿದ್ವಾಂಸರಲ್ಲಿ ಇಂದಿಗೂ ಮುಗಿದಿಲ್ಲ. ಅರಮನೆಯ ಅನ್ನ ಉಂಡ ಕವಿ ಸೋತವನಿಗೆ ಅಷ್ಟು ಜಾಗ ಕೊಡಬಲ್ಲವನಾದರೆ, ಯಾರ ಹಂಗೂ ಇಲ್ಲದ ಇಂದಿನ ವರದಿಗಾರನಿಗೆ ಎರಡು ವಾಕ್ಯ ಭಾರವೆ?

ಮೈಸೂರಿನ ವಜ್ರಮುಷ್ಟಿ ಕಾಳಗವನ್ನು ಇಲ್ಲಿ ನೆನೆಯಬಹುದು. ವಿಜಯದಶಮಿಯ ದಿನ ಅರಮನೆಯ ಅಂಗಳದ ಮಣ್ಣಿನಲ್ಲಿ, ತಲೆ ಬೋಳಿಸಿಕೊಂಡ ಜಟ್ಟಿಗಳು ಮೊನೆಯುಳ್ಳ ಮುಷ್ಟಿಯಾಯುಧವನ್ನು ಬೆರಳಿಗೆ ಧರಿಸಿ ಸೆಣಸುತ್ತಾರೆ. ನೋಡಲು ಭಯಂಕರವಾದ ಈ ಕಾಳಗದ ಕಟ್ಟಳೆ ಮಾತ್ರ ಮೃದುವಾದುದು: ಒಬ್ಬನ ನೆತ್ತಿಯಲ್ಲಿ ರಕ್ತ ಕಂಡೊಡನೆ ಮುಗಿಯಿತು. ಎಷ್ಟೋ ಸಲ ಕ್ಷಣಮಾತ್ರದಲ್ಲಿ ಮುಗಿದುಬಿಡುತ್ತದೆ. ಮೊದಲ ಹನಿಯೇ ಕಡೆಯ ಹನಿಯಾಗಬೇಕೆಂದು ಹಿರಿಯರು ಕಟ್ಟು ಮಾಡಿದರು. ಆಯುಧ ಕ್ರೂರವಾದಷ್ಟೂ ‘ಸಾಕು’ ಬೇಗ ಬರಬೇಕೆಂಬ ತಿಳಿವಳಿಕೆ ಇದರಲ್ಲಿದೆ.

ನನ್ನ ಮಾತಿಗೆ ಒಂದು ಆಕ್ಷೇಪಣೆಯನ್ನು ನಾನೇ ಊಹಿಸಬಲ್ಲೆ. “ಸೋಲೊಪ್ಪುವುದನ್ನೇ ಹೀಗೆ ಕೊಂಡಾಡಿದರೆ ಛಲಕ್ಕೆ ಬೆಲೆಯೆಲ್ಲಿ? ಬಿಗಿದ ಪಟ್ಟಿನಿಂದ ಹಲ್ಲುಕಚ್ಚಿ ಬಿಡಿಸಿಕೊಂಡು ಗೆದ್ದವರಿಲ್ಲವೆ?” ಎಂದು ಕೇಳಬಹುದು. ಇದ್ದಾರೆ, ಅವರನ್ನು ಕಂಡರೆ ನನ್ನ ಮೈಯೂ ಜುಮ್ಮೆನ್ನುತ್ತದೆ. ಬಿಡಿಸಿಕೊಳ್ಳಲು ಹಾದಿಯಿದ್ದಾಗ ತಟ್ಟಿದವನನ್ನು ವಿಮರ್ಶಕನು ಹಾಗೆಂದು ಹೇಳಲಿ. ಯಾವ ಪಟ್ಟಿಗೆ ಯಾವ ಬಿಡುಗಡೆ ಉಂಟು, ಅದನ್ನು ಅವನೇಕೆ ಕಾಣಲಿಲ್ಲ ಎಂದು ಬಿಡಿಸಿ ತೋರಿಸಲಿ; ಅದರಿಂದ ಸೋತವನಿಗೂ ಪ್ರಯೋಜನವುಂಟು. ನನ್ನ ತಕರಾರು ದೋಷ ತೋರಿಸುವವರ ಮೇಲಲ್ಲ, ಹೆಸರಿಡುವವರ ಮೇಲೆ. ದೋಷ ತಿಳಿದವನು ಗರಡಿಗೆ ಹೋಗಿ ತಿದ್ದಿಕೊಳ್ಳುತ್ತಾನೆ. ಹೆಸರು ಬಿದ್ದವನು ಮುಂದಿನ ಸಲ ಮೊಣಕೈ ಮುರಿಸಿಕೊಳ್ಳುತ್ತಾನೆ. ಛಲ ಅವನೊಳಗಿಂದ ಬರಬೇಕು. ಹಾಸ್ಟೆಲಿನ ನಗೆಗೆ ಹೆದರಿ ಬಂದದ್ದು ಛಲವಲ್ಲ, ಭಯವೇ ವೇಷ ಹಾಕಿಕೊಂಡು ಬಂದದ್ದು.

ಆದುದರಿಂದ ಪಂದ್ಯಗಳ ವಿಮರ್ಶೆ ಬರೆಯುವ ತರುಣರಿಗೆ ನನ್ನ ಸೂಚನೆ ಸರಳವಾದುದು. ಯಾರು ಗೆದ್ದರೆಂದು ಬರೆಯಿರಿ. ಹೇಗೆ ಗೆದ್ದರೆಂದು ಬರೆಯಿರಿ. ಆಮೇಲೆ, ಕಾಳಗವನ್ನು ಯಾರು ನಿಲ್ಲಿಸಿದರು, ಸರಿಯಾದ ಹೊತ್ತಿನಲ್ಲಿ ನಿಲ್ಲಿಸಿದರೆ, ನಿಲ್ಲಿಸಿದೊಡನೆ ಇನ್ನೊಬ್ಬನು ಬಿಟ್ಟನೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಬರೆಯಿರಿ. ಸೋತವನು ನಿಮ್ಮ ಬರಹವನ್ನು ಓದಿದರೆ ಅವನಿಗೆ ತನ್ನ ಕಾಳಗ ಅದರಲ್ಲಿ ಕಾಣಬೇಕು. ಕಾಣದಿದ್ದರೆ ನೀವು ಅರ್ಧ ಕಾಳಗವನ್ನಷ್ಟೇ ನೋಡಿದ್ದೀರಿ.

ನಮ್ಮ ಹುಡುಗ ಲೇಖನವನ್ನು ಮತ್ತೆ ಬರೆದು ತಂದಿದ್ದಾನೆ. ಈ ಸಲ ಎಂಟು ಜೋಡಿಗಳೂ ಇವೆ. ‘ಮುಗಿಸಿದನು’ ಎಂಬ ಪದ ಎರಡು ಕಡೆ ಇನ್ನೂ ಉಳಿದುಕೊಂಡಿತ್ತು, ಹೊಡೆದುಹಾಕಿದೆ. ಎಂಟನೆಯ ಕಾಳಗಕ್ಕೆ ಅವನು ಒಂದು ಪುಟ ಕೊಟ್ಟಿದ್ದಾನೆ. ಕೆಳಗೆ ಬಿದ್ದಾಗ ಬಲಗೈಯನ್ನು ಮೈಗೆ ಒತ್ತಿಕೊಳ್ಳದೆ ಚಾಚಿದ್ದು ತನ್ನ ತಪ್ಪೆಂದೂ, ಎದುರಾಳಿ ಅದಕ್ಕಾಗಿಯೇ ಕಾದಿದ್ದನೆಂದೂ, ಪಟ್ಟು ಬಿದ್ದ ಮೇಲೆ ಎರಡು ಸಲ ಹೊರಳಲು ನೋಡಿ ಆಗದೆ ತಟ್ಟಿದೆನೆಂದೂ, ತಟ್ಟಿದ ತಕ್ಷಣ ಅವನು ಕೈ ಬಿಟ್ಟು, ಎಬ್ಬಿಸಿ, “ನೋವಾಯ್ತಾ ಅಣ್ಣ?” ಎಂದು ಕೇಳಿದನೆಂದೂ ಬರೆದಿದ್ದಾನೆ. ಆ ಎದುರಾಳಿಯ ಹೆಸರನ್ನೂ ಊರನ್ನೂ ಮರೆಯದೆ ನಮೂದಿಸಿದ್ದಾನೆ. ಮುಂದಿನ ಸಲ ಏನು ಮಾಡುವನೆಂದು ನಾನು ಕೇಳಲಿಲ್ಲ. ಲೇಖನವನ್ನು ಸಂಚಿಕೆಗೆ ತೆಗೆದುಕೊಂಡಿದ್ದೇನೆ. ತಾಯಿಯನ್ನು ಕುರಿತ ನಾಲ್ಕು ಕವಿತೆಗಳಲ್ಲಿ ಒಂದು ಅದಕ್ಕಾಗಿ ಜಾಗ ಬಿಡಬೇಕಾಯಿತು.